ಗಣಿತ ಸಂಶೋಧಕಿ ಒಂದು ದಿನಕ್ಕೆ ಬರುತ್ತಿದ್ದಾರೆ: ನಾವು ಏನು ಕೇಳಬೇಕು, ಹೇಗೆ ಸಿದ್ಧರಾಗಬೇಕು?

ಪ್ರಶ್ನೆ: ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಗ್ರಾಫ್ ಥಿಯರಿಯಲ್ಲಿ (ಬಿಂದುಗಳು ಮತ್ತು ಅವನ್ನು ಜೋಡಿಸುವ ಗೆರೆಗಳ ಗಣಿತ) ಪಿಎಚ್‌ಡಿ ಮಾಡುತ್ತಿದ್ದೇನೆ. ಇದು ನಾಲ್ಕನೇ ವರ್ಷ, ನನಗೀಗ 31. ನಮ್ಮ ವಿಭಾಗದಲ್ಲಿ ಒಂಬತ್ತು ಜನ ಸ್ಕಾಲರ್‌ಗಳಿದ್ದೇವೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರ ಕಾರ್ಯಾಗಾರಕ್ಕೆ ಯುರೋಪಿನ ಗಣಿತಜ್ಞೆಯೊಬ್ಬರು ಬರುತ್ತಾರೆಂದು ತಿಳಿದು ನಾವೇ ಮೇಲ್ ಬರೆದೆವು. ಒಂದು ದಿನ ನಮ್ಮಲ್ಲಿಗೆ ಬಂದು ಅಕಾಡೆಮಿಕ್ ಕೆರಿಯರ್ ಬಗ್ಗೆ ಮಾತಾಡಲು ಒಪ್ಪಿದ್ದಾರೆ. ಈಗ ಅಳುಕು ಶುರುವಾಗಿದೆ. ನಮ್ಮಲ್ಲಿ ಅತಿಥಿ ಬಂದರೆ ಶಾಲು, ಹಾರ, ಭಾಷಣ, ಫೋಟೊ ಆಗಿ ದಿನ ಮುಗಿದುಹೋಗುತ್ತದೆ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಎಲ್ಲರೂ ಹಿಂಜರಿಯುತ್ತಾರೆ. 'ರಾಜ್ಯ ವಿಶ್ವವಿದ್ಯಾಲಯದ ಪಿಎಚ್‌ಡಿಗೆ ಹೊರದೇಶದಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಸಿಗೋದಿಲ್ಲ, ಸುಮ್ಮನೆ ಕೆಸೆಟ್ (ರಾಜ್ಯದ ಅಧ್ಯಾಪಕ ಅರ್ಹತಾ ಪರೀಕ್ಷೆ) ಓದಿ' ಎಂದು ಹಿರಿಯರು ಹೇಳುತ್ತಾರೆ. ಇದು ನಿಜವೇ? ಅವರ ಹತ್ತಿರ ಶಿಫಾರಸು ಪತ್ರ ಕೇಳಬಹುದೇ? ಸಂಬಳ, ಸಂಸಾರದ ಬಗ್ಗೆ ಕೇಳಿದರೆ ತಪ್ಪಾಗುತ್ತದೆಯೇ? ಖರ್ಚು ಯಾರು ಕೊಡಬೇಕು?

ಉತ್ತರ: ಮೊದಲು ನಿಮ್ಮ ಹಿರಿಯರ ಮಾತನ್ನೇ ತೆಗೆದುಕೊಳ್ಳೋಣ, ಉಳಿದ ಅಳುಕೆಲ್ಲ ಅದರಿಂದಲೇ ಹುಟ್ಟಿದೆ.

ರಾಜ್ಯ ವಿಶ್ವವಿದ್ಯಾಲಯದ ಪಿಎಚ್‌ಡಿಯನ್ನು ತಳ್ಳಿಹಾಕಬೇಕೆಂಬ ನಿಯಮ ಎಲ್ಲೂ ಇಲ್ಲ. ಆದರೂ ಅಲ್ಲಿಂದ ಹೊರದೇಶದ ಪೋಸ್ಟ್‌ಡಾಕ್‌ಗೆ ಹೋಗುವವರು ಕಡಿಮೆ ಎಂಬುದು ಸತ್ಯ. ಕಾರಣ ಪದವಿಯ ಮೇಲಿನ ಮುದ್ರೆಯಲ್ಲ. ಗಣಿತದ ಆಯ್ಕೆ ಸಮಿತಿ ಮುಖ್ಯವಾಗಿ ಮೂರನ್ನು ನೋಡುತ್ತದೆ: ಶಿಫಾರಸು ಪತ್ರಗಳು, ಸಂಶೋಧನಾ ಹೇಳಿಕೆ, ಮತ್ತು ತಮಗೆ ಪರಿಚಯವಿರುವ ಜರ್ನಲ್‌ನಲ್ಲೋ ಆರ್ಕೈವ್‌ನಲ್ಲೋ (ಗಣಿತಜ್ಞರು ಪೇಪರುಗಳನ್ನು ಉಚಿತವಾಗಿ ಹಾಕುವ ತಾಣ) ಓದಲು ಸಿಗುವ ಒಂದೆರಡು ಪೇಪರು. ನಮ್ಮ ವಿಭಾಗಗಳಲ್ಲಿ ಸೊರಗುವುದು ಈ ಮೂರೇ. ಪತ್ರ ಬರೆಯುವ ಮೂವರೂ ಅದೇ ಕಾರಿಡಾರಿನವರು. ಸಮಿತಿಯಲ್ಲಿ ಅವರನ್ನು ಬಲ್ಲವರಿರುವುದಿಲ್ಲ. ಪತ್ರದಲ್ಲೂ 'ಶ್ರಮಜೀವಿ, ಸನ್ನಡತೆಯ ವಿದ್ಯಾರ್ಥಿನಿ' ಎಂದಿರುತ್ತದೆಯೇ ಹೊರತು, ಯಾವ ಫಲಿತಾಂಶ ಯಾಕೆ ಹೊಸದು ಎಂಬ ಒಂದು ಸಾಲೂ ಇರುವುದಿಲ್ಲ.

ಪೇಪರಿನ ವಿಷಯದಲ್ಲಿ ನಮ್ಮ ಲೆಕ್ಕ ಪೂರ್ತಿ ತಿರುಗುಮುರುಗು. ಯುಜಿಸಿಯ 2010ರ ನಿಯಮಾವಳಿ ಎಪಿಐ ಅಂಕಗಳನ್ನು (ಅಧ್ಯಾಪಕರ ನೇಮಕ, ಬಡ್ತಿಗೆ ಎಣಿಸುವ ಸಾಧನೆಯ ಅಂಕ) ತಂದ ಮೇಲೆ ಪೇಪರಿನ ಸಂಖ್ಯೆಗೆ ಬೆಲೆ ಬಂತು. ಆ ಅಭ್ಯಾಸ ವಿದ್ಯಾರ್ಥಿಗಳಿಗೂ ಇಳಿಯಿತು. ಹೊರಗೆ ನಡೆಯುವುದು ಇದಕ್ಕೆ ತದ್ವಿರುದ್ಧ. ದುಡ್ಡು ಕಟ್ಟಿಸಿಕೊಂಡು ಎರಡು ವಾರದಲ್ಲಿ ಸ್ವೀಕರಿಸುವ ಜರ್ನಲ್‌ನ ಹತ್ತು ಪೇಪರುಗಳಿದ್ದರೆ ಅರ್ಜಿಗೆ ಹಾನಿಯೇ. ಗಣಿತದಲ್ಲಿ ಒಳ್ಳೆಯ ಜರ್ನಲ್‌ಗಳು ಪರಿಶೀಲನೆಗೆ ಆರು ತಿಂಗಳು, ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ತೆಗೆದುಕೊಳ್ಳುತ್ತವೆ. ಅವುಗಳಲ್ಲಿ ಬಹುಪಾಲು ಲೇಖಕರಿಂದ ಹಣ ಕೇಳುವುದಿಲ್ಲ. ನೀವು ಪೇಪರು ಹಾಕಿರುವ ಅಥವಾ ಹಾಕಬೇಕೆಂದಿರುವ ಜರ್ನಲ್‌ಗಳ ಹೆಸರನ್ನು ಝಡ್‌ಬಿಮ್ಯಾತ್ ಓಪನ್ ಎಂಬ ಗಣಿತ ಪೇಪರುಗಳ ಸೂಚಿಯಲ್ಲಿ ಹುಡುಕಿ ನೋಡಿ. 2021ರಿಂದ ಅದು ಎಲ್ಲರಿಗೂ ಉಚಿತ. ಪೇಪರು ಅಲ್ಲಿ ಇದ್ದ ಮಾತ್ರಕ್ಕೆ ಗುಣಮಟ್ಟಕ್ಕೆ ಖಾತ್ರಿಯಿಲ್ಲ. ಇಲ್ಲದಿದ್ದರೆ ಮಾತ್ರ ಗಣಿತಜ್ಞರ ಕಣ್ಣಿಗೆ ಅದು ಬೀಳುವ ಸಾಧ್ಯತೆ ತೀರಾ ಕಡಿಮೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿ ಪ್ರಬಂಧ ಸಲ್ಲಿಕೆಗೆ ಮುನ್ನ ಪೇಪರು ಪ್ರಕಟವಾಗಿರಲೇಬೇಕು ಎಂಬ ಕಡ್ಡಾಯವನ್ನು ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಉಳಿಸಿಕೊಂಡಿದೆಯೇ ಎಂದು ವಿಚಾರಿಸಿ. ಇಲ್ಲವೆಂದಾದರೆ ಆತುರಕ್ಕೆ ಬಿದ್ದು ಎಲ್ಲೆಂದರಲ್ಲಿ ಹಾಕುವ ಅಗತ್ಯವೇ ಇಲ್ಲ.

ವಯಸ್ಸಿನ ಭಯವನ್ನೂ ಇಲ್ಲಿಗೇ ಬಿಡಿ. ಯುರೋಪು, ಅಮೆರಿಕಗಳಲ್ಲಿ ಸಾಮಾನ್ಯವಾಗಿ ಪಿಎಚ್‌ಡಿ ಆಗಿ ಎಷ್ಟು ವರ್ಷವಾಯಿತು ಎಂದು ನೋಡುತ್ತಾರೆ, ಹುಟ್ಟಿದ ವರ್ಷವನ್ನಲ್ಲ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ಮಿತಿ ಪಿಎಚ್‌ಡಿ ನಂತರದ 8 ವರ್ಷ. ವಯಸ್ಸು ಲೆಕ್ಕಕ್ಕೆ ಬರುವುದು ನಮ್ಮಲ್ಲೇ. ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ 35ರ ಮಿತಿ ಇಟ್ಟುಕೊಂಡು ಬಂದಿದ್ದಾರೆ, ಮಹಿಳೆಯರಿಗೆ 5 ವರ್ಷ ಸಡಿಲಿಕೆಯಿದೆ. ಅಲ್ಲೂ ನಿಮಗೆ ಸಮಯವಿದೆ.

ಅತಿಥಿಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಒಂದು ದಿನಕ್ಕೆ ಬಂದು ಹೋಗುವವರು ಕೆಲಸ ಕೊಡಿಸುವುದಿಲ್ಲ, ಪತ್ರವನ್ನೂ ಬರೆಯುವುದಿಲ್ಲ, ಬರೆಯಲೂಬಾರದು. ಆರು ಗಂಟೆಯ ಪರಿಚಯದ ಮೇಲೆ ಬರೆದ ಪತ್ರ ಸಮಿತಿಯ ಮುಂದೆ ನಿಲ್ಲುವುದಿಲ್ಲ. ಹಾಗೆ ಕೇಳಿದರೆ ಅವರಿಗೂ ಇಕ್ಕಟ್ಟು. 'ಹುರಿದುಂಬಿಸುವ ಮಾತು' ಸಿಗುತ್ತದೆ ನಿಜ, ಆದರೆ ಅದರ ಕಾವು ಮೂರು ದಿನ ಇದ್ದರೆ ಹೆಚ್ಚು.

ಸಿಗಬೇಕಾದದ್ದು ಬೇರೆ. ಅರ್ಜಿಗಳನ್ನು ಓದುವ ಸ್ಥಾನದಲ್ಲಿರುವ ಒಬ್ಬರು ನಿಮ್ಮ ಒಂದು ಪುಟ ಓದಿ 'ಈ ಸಾಲಿನಲ್ಲಿ ನಾನು ಓದುವುದನ್ನು ನಿಲ್ಲಿಸಿಬಿಡುತ್ತಿದ್ದೆ' ಎಂದು ಬೆರಳಿಟ್ಟು ತೋರಿಸಬೇಕು. ಅದು ಯಾವ ವೆಬಿನಾರ್‌ನಲ್ಲೂ ಸಿಗದು. ನಿಮ್ಮ ದಿನದ ಏರ್ಪಾಡೆಲ್ಲ ಅದಕ್ಕಾಗಿಯೇ ಇರಲಿ.

ಅದಕ್ಕೆ ಅವರ ಕೈಯಲ್ಲಿ ಕಾಗದವಿರಬೇಕು. ಒಂಬತ್ತು ಜನರೂ ತಲಾ ಒಂದು ಪುಟ ಬರೆಯಿರಿ. ನೋಂದಣಿಯಾದ ವರ್ಷ, ಪ್ರಬಂಧ ಸಲ್ಲಿಸುವ ಅಂದಾಜು ತಿಂಗಳು, ಪೇಪರುಗಳಿದ್ದರೆ ಲಿಂಕು, ನಿಮ್ಮ ಸಮಸ್ಯೆ ಐದಾರು ಸಾಲಿನಲ್ಲಿ, ನಿಮ್ಮ ಒಂದೇ ಒಂದು ಪ್ರಮೇಯದ ಪೂರ್ಣ ಹೇಳಿಕೆ, ಕೊನೆಗೆ ಒಂದು ಪ್ರಶ್ನೆ. ಎಲ್ಲವನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿ ಹತ್ತು ದಿನ ಮುಂಚೆ ಕಳಿಸಿ. ಹಿಂದಿನ ರಾತ್ರಿ ಕಳಿಸಿದರೆ ಯಾರೂ ಓದುವುದಿಲ್ಲ. ತಿಂಗಳು ಮುಂಚೆ ಕಳಿಸಿದರೆ ಮರೆತುಹೋಗುತ್ತದೆ.

ಸಮಸ್ಯೆ ಬರೆಯುವ ಬಗೆಗೆ ನಿಮ್ಮದೇ ವಿಷಯದಿಂದ ಉದಾಹರಣೆ ಕೊಡುತ್ತೇನೆ. 'ಗ್ರಾಫ್ ಥಿಯರಿ ಗಣಿತದ ವೇಗವಾಗಿ ಬೆಳೆಯುತ್ತಿರುವ ಶಾಖೆ, ರಸಾಯನ ವಿಜ್ಞಾನದಿಂದ ಕಂಪ್ಯೂಟರ್‌ವರೆಗೆ ಅದರ ಅನ್ವಯಗಳಿವೆ' ಎಂದು ಶುರುಮಾಡಿದರೆ ಓದುಗರಿಗೆ ನಿಮ್ಮ ಬಗ್ಗೆ ಏನೂ ತಿಳಿಯಲಿಲ್ಲ. ಬದಲಿಗೆ ಹೀಗೆ (ವರ್ಟೆಕ್ಸ್ ಎಂದರೆ ಗ್ರಾಫ್‌ನ ಬಿಂದು, ಡಿಗ್ರಿ ಎಂದರೆ ಅದಕ್ಕೆ ತಾಗುವ ಗೆರೆಗಳ ಸಂಖ್ಯೆ, ಡಾಮಿನೇಷನ್ ನಂಬರ್ ಎಂದರೆ ಉಳಿದೆಲ್ಲ ಬಿಂದುಗಳಿಗೂ ನೇರ ಗೆರೆಯಿರುವಂತೆ ಆರಿಸಬೇಕಾದ ಬಿಂದುಗಳ ಕನಿಷ್ಠ ಸಂಖ್ಯೆ): 'ಒಂಟಿ ವರ್ಟೆಕ್ಸ್ ಇಲ್ಲದ ಯಾವುದೇ ಗ್ರಾಫ್‌ನ ಡಾಮಿನೇಷನ್ ನಂಬರ್ ಒಟ್ಟು ವರ್ಟೆಕ್ಸ್‌ಗಳ ಅರ್ಧವನ್ನು ಮೀರುವುದಿಲ್ಲ ಎಂದು ಓರ್ 1962ರಲ್ಲಿ ತೋರಿಸಿದರು. ಪ್ರತಿ ವರ್ಟೆಕ್ಸ್‌ನ ಡಿಗ್ರಿ ಕನಿಷ್ಠ 3 ಇದ್ದರೆ ಅದು ಎಂಟರಲ್ಲಿ ಮೂರು ಭಾಗಕ್ಕೆ ಇಳಿಯುತ್ತದೆ ಎಂದು ರೀಡ್ 1996ರಲ್ಲಿ ಸಾಧಿಸಿದರು. ನಾನು ಇಂಥ ಬಗೆಯ ಗ್ರಾಫ್‌ಗಳಿಗೆ ಈ ಮಿತಿ ಇನ್ನೂ ಇಳಿಯುತ್ತದೆಯೇ ಎಂದು ನೋಡುತ್ತಿದ್ದೇನೆ. ಇಲ್ಲಿಯವರೆಗೆ ಇಷ್ಟು ಬಂದಿದೆ, ಇಲ್ಲಿ ನಿಂತಿದೆ.' ನಾಲ್ಕೇ ಸಾಲು. ಏನು ತಿಳಿದಿತ್ತು, ನೀವೇನು ಸೇರಿಸಿದಿರಿ, ಎಲ್ಲಿ ಸಿಕ್ಕಿಬಿದ್ದಿದ್ದೀರಿ ಎಂಬ ಮೂರೂ ಅಲ್ಲಿವೆ. ಸಿಕ್ಕಿಬಿದ್ದ ಜಾಗ ಹೇಳಲು ನಾಚಿಕೆ ಬೇಡ. ಗಣಿತಜ್ಞರು ಕಿವಿ ನಿಮಿರಿಸುವುದೇ ಅಲ್ಲಿ.

ಇನ್ನೊಂದು ಮಾತನ್ನು ಬೇಸರಿಸದೆ ಕೇಳಿ. ನಮ್ಮ ಹಲವು ವಿಭಾಗಗಳಲ್ಲಿ ಹೊಸದೊಂದು ಡಾಮಿನೇಷನ್ ಪ್ಯಾರಾಮೀಟರ್ ವ್ಯಾಖ್ಯಾನಿಸಿ, ಪಾತ್, ಸೈಕಲ್, ವೀಲ್, ಕಂಪ್ಲೀಟ್ ಬೈಪಾರ್ಟೈಟ್ ಎಂಬ ಸರಳ ಬಗೆಯ ಗ್ರಾಫ್‌ಗಳಿಗೆ ಅದರ ಬೆಲೆ ಕಂಡುಹಿಡಿದು ಒಂದು ಅಧ್ಯಾಯ ಮುಗಿಸುವ ರೂಢಿಯಿದೆ. 'ಈ ಹೊಸ ನಂಬರ್ ಯಾಕೆ ಬೇಕು? ಹಳೆಯದರಿಂದ ಆಗದ್ದು ಇದರಿಂದ ಏನಾಯಿತು?' ಎಂದು ಅವರು ಕೇಳಿಯೇ ಕೇಳುತ್ತಾರೆ. ಅದು ಅವಮಾನವಲ್ಲ, ಯಾವ ಸೆಮಿನಾರ್‌ನಲ್ಲೂ ಕೇಳುವ ಮೊದಲ ಪ್ರಶ್ನೆ. ಉತ್ತರ ಸಿದ್ಧವಿರಲಿ. ಇಲ್ಲದಿದ್ದರೆ 'ಗೊತ್ತಿಲ್ಲ, ಯಾವ ದಿಕ್ಕಿನಲ್ಲಿ ಯೋಚಿಸಿದರೆ ಅರ್ಥಪೂರ್ಣ ಆಗುತ್ತದೆ?' ಎಂದು ನೇರವಾಗಿ ಕೇಳಿಬಿಡಿ. ಪ್ರಬಂಧ ಸಲ್ಲಿಸುವ ಮುನ್ನ ಆ ಪ್ರಶ್ನೆ ಎದುರಾಗುವುದೇ ನಿಮ್ಮ ಅದೃಷ್ಟ.

ಕೇಳಬೇಕಾದ ಪ್ರಶ್ನೆ

'ವಿದೇಶದಲ್ಲಿ ಪೋಸ್ಟ್‌ಡಾಕ್ ಸಿಗಲು ಏನು ಮಾಡಬೇಕು?' ಎಂದರೆ 'ಚೆನ್ನಾಗಿ ಕೆಲಸ ಮಾಡಿ' ಎಂಬ ಉತ್ತರ ಬರುತ್ತದೆ. ಅವರ ತಪ್ಪಲ್ಲ, ಪ್ರಶ್ನೆಯೇ ಅಷ್ಟು ಅಗಲ. ನಿಮ್ಮ ವಿಷಯದಲ್ಲಿ ನಿಜವಾಗಿ ಕೇಳಬೇಕಾದದ್ದು ಕ್ಯಾಲೆಂಡರ್ ಬಗ್ಗೆ.

ಅಮೆರಿಕದ ಗಣಿತ ವಿಭಾಗಗಳ ಹುದ್ದೆಗಳು ಬಹುಪಾಲು ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ ನಡೆಸುವ ಮ್ಯಾತ್‌ಜಾಬ್ಸ್ ತಾಣದಲ್ಲಿ ಬರುತ್ತವೆ. ಕೊನೆಯ ದಿನಾಂಕಗಳು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ. ಕೆಲಸಕ್ಕೆ ಸೇರುವುದು ಮುಂದಿನ ಆಗಸ್ಟ್ ಹೊತ್ತಿಗೆ. ಯುರೋಪಿನಲ್ಲಿ ಜಾಹೀರಾತು ವರ್ಷವಿಡೀ ಬರುತ್ತವೆ, ಯೂರಾಕ್ಸೆಸ್ ತಾಣದಲ್ಲಿ ನೋಡಬಹುದು. ಮೇರಿ ಕ್ಯೂರಿಗೆ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ಗೆ ಮುಗಿಯುತ್ತದೆ, ಆ ದಿನದೊಳಗೆ ಪಿಎಚ್‌ಡಿ ವೈವಾ (ಮೌಖಿಕ ಪರೀಕ್ಷೆ) ಮುಗಿದಿರಬೇಕು. ಇನ್ನು ನಮ್ಮ ಕಡೆ ನೋಡಿ: ಸಿನಾಪ್ಸಿಸ್, ಪ್ರಬಂಧ ಸಲ್ಲಿಕೆ, ಪರೀಕ್ಷಕರ ಪಟ್ಟಿಗೆ ಒಪ್ಪಿಗೆ, ಇಬ್ಬರು ಪರೀಕ್ಷಕರ ವರದಿ, ವೈವಾ, ಕೊನೆಗೆ ಪದವಿಯ ನೋಟಿಫಿಕೇಷನ್. ಸಲ್ಲಿಕೆಯಿಂದ ನೋಟಿಫಿಕೇಷನ್‌ವರೆಗೆ ಆರು ತಿಂಗಳು ಸಲೀಸಾಗಿ ಹೋಗುತ್ತದೆ, ಒಂದು ವರ್ಷವಾದರೂ ಆಶ್ಚರ್ಯವಿಲ್ಲ. ಎಷ್ಟೋ ಜನ ಜಾರುವುದು ಇಲ್ಲೇ. ಆಫರ್ ಬಂದಿರುತ್ತದೆ, ಪರೀಕ್ಷಕರೊಬ್ಬರ ವರದಿ ಬಂದಿರುವುದಿಲ್ಲ.

ಆದ್ದರಿಂದ ಪ್ರಶ್ನೆ ಹೀಗಿರಲಿ: 'ಮುಂದಿನ ಮಾರ್ಚ್‌ನಲ್ಲಿ ಪ್ರಬಂಧ ಸಲ್ಲಿಸುತ್ತೇನೆ. ವೈವಾ ಡಿಸೆಂಬರ್‌ವರೆಗೆ ಎಳೆಯಬಹುದು. ಯಾವ ಸುತ್ತಿಗೆ ಅರ್ಜಿ ಹಾಕುವುದು ಸರಿ? ಪದವಿ ಕೈಗೆ ಬರುವ ಮುನ್ನ ನಿಮ್ಮ ವಿಶ್ವವಿದ್ಯಾಲಯ ಸೇರಿಸಿಕೊಳ್ಳುತ್ತದೆಯೇ? ಸೇರುವ ದಿನಾಂಕವನ್ನು ಎಷ್ಟು ತಿಂಗಳು ಮುಂದೂಡಲು ಬಿಡುತ್ತಾರೆ?' ಇಷ್ಟು ನಿಖರವಾಗಿ ಕೇಳಿದರೆ ಅಷ್ಟೇ ನಿಖರ ಉತ್ತರ ಬರುತ್ತದೆ.

ಸಂಬಳ ಕೇಳುವುದು ತಪ್ಪಲ್ಲ. ಆದರೆ 'ನಿಮಗೆಷ್ಟು?' ಎಂದು ಬೇಡ. 'ನಿಮ್ಮ ಊರಿನಲ್ಲಿ ಪೋಸ್ಟ್‌ಡಾಕ್ ಸಂಬಳದಲ್ಲಿ ಬಾಡಿಗೆ, ತೆರಿಗೆ ಕಳೆದರೆ ಒಬ್ಬರು ಬದುಕಬಹುದೇ, ಮಗು ಇದ್ದರೆ?' ಎಂದು ಕೇಳಿ. ಸಂಸಾರದ ಪ್ರಶ್ನೆಗೂ ಅದೇ ನಯ ಬೇಕು. ಒಂದೆರಡು ವರ್ಷಕ್ಕೊಮ್ಮೆ ದೇಶ ಬದಲಿಸುತ್ತಾ ಗಂಡ, ಮಕ್ಕಳು, ತಂದೆತಾಯಿಯರನ್ನು ಹೇಗೆ ನಿಭಾಯಿಸುತ್ತಾರೆ ಎಂಬುದು ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿರುವ ನಿಜವಾದ ಪ್ರಶ್ನೆ. ಅದನ್ನು ಮುಂಚಿತವಾಗಿ ಮೇಲ್‌ನಲ್ಲಿ ತಿಳಿಸಿ, 'ಹೇಳಲು ನಿಮಗೆ ಇಷ್ಟವಿದ್ದರೆ ಮಾತ್ರ' ಎಂದು ಸೇರಿಸಿ. ತುಂಬಿದ ಸಭೆಯಲ್ಲಿ ಎದ್ದು ನಿಂತು 'ಮದುವೆಯಾಗಿದೆಯಾ ಮೇಡಂ?' ಎನ್ನುವುದು ಮಾತ್ರ ಆಗಬಾರದು.

ಕೆಸೆಟ್, ಮೀಸಲಾತಿ ರೋಸ್ಟರ್, ಕೆಇಎ ನೇಮಕಾತಿ, ಅತಿಥಿ ಉಪನ್ಯಾಸಕರ ಗೌರವಧನ, ಇವು ಯಾವುವೂ ಅವರಿಗೆ ಗೊತ್ತಿರುವುದಿಲ್ಲ. ಅದಕ್ಕೆ ಇತ್ತೀಚೆಗೆ ನೇಮಕವಾದ ಸ್ಥಳೀಯ ಅಧ್ಯಾಪಕರೊಬ್ಬರನ್ನು ಬೇರೆ ದಿನ ಕರೆಸಿ.

ದಿನದ ಏರ್ಪಾಡು

ಸಮಾರಂಭದ ವಿರುದ್ಧ ಹೋರಾಡಬೇಡಿ, ಅದಕ್ಕೆ ಜಾಗ ಗೊತ್ತುಮಾಡಿ. ವಿಭಾಗದ ಚೇರ್ಮನ್ ಅವರ ಬಳಿ ಗೈಡ್ ಜೊತೆ ಹೋಗಿ ಇಡೀ ದಿನದ ವೇಳಾಪಟ್ಟಿಯನ್ನು ಒಂದೇ ಹಾಳೆಯಲ್ಲಿ ತೋರಿಸಿ. ಗುಟ್ಟಾಗಿ ಏನನ್ನೂ ಇಟ್ಟುಕೊಳ್ಳಬೇಡಿ, ಆಹ್ವಾನ ಪತ್ರಕ್ಕೆ ಸಹಿ ಅವರದೇ ಇರಲಿ. ಬೆಳಿಗ್ಗೆ ಎಲ್ಲರಿಗೂ ತೆರೆದ ಉಪನ್ಯಾಸ, ಎಂಎಸ್‌ಸಿ ಮಕ್ಕಳೂ ಬರಲಿ. ಸ್ವಾಗತ, ಶಾಲು, ನೆನಪಿನ ಕಾಣಿಕೆ ಎಲ್ಲ ಅದಕ್ಕೆ ಮುಂಚಿನ ಹತ್ತು ನಿಮಿಷದಲ್ಲಿ. ಪ್ರಾಸ್ತಾವಿಕ ನುಡಿ, ಅಧ್ಯಕ್ಷೀಯ ಭಾಷಣ ಎರಡೂ ಇದ್ದರೆ ಮುಕ್ಕಾಲು ಗಂಟೆ ಅಲ್ಲೇ ಹೋಗುತ್ತದೆ. ಒಂದನ್ನೇ ಉಳಿಸಿಕೊಳ್ಳಿ.

ರಾತ್ರಿ ರೈಲಿನಲ್ಲಿ ಬರುವವರಾದರೆ ಅತಿಥಿಗೃಹದ ಕೋಣೆಯನ್ನು ಹಿಂದಿನ ರಾತ್ರಿಯಿಂದಲೇ ಕಾದಿರಿಸಿ. ಬೆಳಿಗ್ಗೆ 6ಕ್ಕೆ ಬಂದವರನ್ನು 'ಚೆಕ್‌ಇನ್ 12ಕ್ಕೆ' ಎಂದು ಕೂರಿಸುವುದು ಎಷ್ಟೋ ಕಡೆ ಆಗುವ ಎಡವಟ್ಟು. ಮೂರು ಗಂಟೆ ವಿಶ್ರಾಂತಿ ಕೊಟ್ಟು 10ಕ್ಕೆ ಶುರುಮಾಡಿ. ಊಟ ಸ್ಕಾಲರ್‌ಗಳ ಜೊತೆಗೇ ಇರಲಿ. ಜೋಳದ ರೊಟ್ಟಿ, ಎಣ್ಣೆಗಾಯಿ ಖುಷಿಯಿಂದ ಬಡಿಸಿ, ಖಾರ ಮತ್ತು ಶೇಂಗಾ ಬಗ್ಗೆ ಮಾತ್ರ ಮೊದಲೇ ಕೇಳಿಕೊಳ್ಳಿ. ಶೇಂಗಾ ಅಲರ್ಜಿ ಇದ್ದವರಿಗೆ ನಮ್ಮ ಅಡುಗೆ ನಿಜಕ್ಕೂ ಅಪಾಯ.

ಮಧ್ಯಾಹ್ನ 2ರಿಂದ ಬೋರ್ಡ್ ಮುಂದೆ ಮೂವರು, ತಲಾ 15 ನಿಮಿಷ. ಸ್ಲೈಡ್ ಬೇಡ. ಇಂಗ್ಲಿಷಿನ ಅಳುಕಿಗೆ ಇದೇ ಮದ್ದು. ಸ್ಲೈಡಿನಲ್ಲಿ ವಾಕ್ಯ ಓದಬೇಕಾಗುತ್ತದೆ, ಬೋರ್ಡಿನಲ್ಲಿ ಗ್ರಾಫ್ ಬರೆದು ಬೆರಳು ತೋರಿಸಿದರೆ ಅರ್ಧ ಮಾತು ಮುಗಿಯಿತು. ಅವರಿಗೂ ಇಂಗ್ಲಿಷ್ ಬಹುಶಃ ಎರಡನೇ ಭಾಷೆಯೇ. ಆಮೇಲೆ ಒಂದೂವರೆ ಗಂಟೆ ಕೆರಿಯರ್ ಮಾತುಕತೆ, ಸ್ಕಾಲರ್‌ಗಳು ಮಾತ್ರ. ಅಧ್ಯಾಪಕರು ಇದ್ದರೆ ಫೆಲೋಶಿಪ್ ತಡ, ಗೈಡ್ ಜೊತೆಗಿನ ತೊಡಕು, ಪೇಪರಿನಲ್ಲಿ ಹೆಸರು ಸೇರಿಸುವ ಒತ್ತಡ ಯಾವುದೂ ಹೊರಬರುವುದಿಲ್ಲ. ಚೇರ್ಮನ್‌ಗೆ ಇದನ್ನು 'ಸ್ಕಾಲರ್‌ಗಳ ಸಂವಾದ' ಎಂದೇ ಹೇಳಿ, ನಿಮ್ಮ ಗೈಡ್‌ಗೆ ಮೊದಲೇ ವಿವರಿಸಿ. ಮೊದಲ ಮೂರು ಪ್ರಶ್ನೆ ಯಾರು ಕೇಳಬೇಕೆಂದು ಗೊತ್ತುಮಾಡಿಕೊಂಡಿರಿ, ಉಳಿದವು ಚೀಟಿಯಲ್ಲಿ ಬರಲಿ. ಒಬ್ಬರು ಟಿಪ್ಪಣಿ ಬರೆದುಕೊಳ್ಳಿ, ರೆಕಾರ್ಡ್ ಮಾಡಬೇಡಿ. ಕ್ಯಾಮೆರಾ ಇದ್ದರೆ ಅವರೂ ಎಚ್ಚರಿಕೆಯ ಮಾತಾಡುತ್ತಾರೆ.

ಖರ್ಚು: ಟಿಕೆಟ್, ಕೋಣೆ, ಊಟ ವಿಭಾಗದ್ದು. ಟಿಕೆಟ್ ನೀವೇ ಬುಕ್ ಮಾಡಿ ಕಳಿಸಿ. 'ಬಿಲ್ ಕೊಡಿ, ಆಮೇಲೆ ಮರುಪಾವತಿ' ಎಂದರೆ ಹೊರದೇಶದ ಖಾತೆಗೆ ಹಣ ಹೋಗುವಷ್ಟರಲ್ಲಿ ವರ್ಷ ಕಳೆಯುತ್ತದೆ. ವಿದೇಶಿ ಪ್ರಜೆಗೆ ಗೌರವಧನ ಕೊಡಲು ಹೊರಟರೆ ತೆರಿಗೆ ಕಡಿತ, ಪ್ಯಾನ್ ಎಂದು ಹಣಕಾಸು ವಿಭಾಗ ಕಡತ ತಿರುಗಿಸುತ್ತದೆ, ವೀಸಾದ ತಕರಾರೂ ಏಳಬಹುದು. ಗೌರವಧನ ಇಲ್ಲವೆಂದು ಮೊದಲೇ ತಿಳಿಸಿ. ಅವರ ವೀಸಾ ಬೇರೆ ಊರಿನಲ್ಲಿ ಉಪನ್ಯಾಸಕ್ಕೆ ಅವಕಾಶ ಕೊಡುತ್ತದೆಯೇ ಎಂದು ಬೆಂಗಳೂರಿನ ಆತಿಥೇಯ ಸಂಸ್ಥೆಯ ಕಚೇರಿಯಲ್ಲಿ ಕೇಳಿ ಖಚಿತಮಾಡಿಕೊಳ್ಳಿ. ಕುಲಸಚಿವರಿಗೆ ಪತ್ರ ಕೊಡಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು, ನಾವೆಲ್ಲ ಸಿ ಫಾರ್ಮ್ ಎನ್ನುವುದು ಅದನ್ನೇ. ಅತಿಥಿಗೃಹದ ಮ್ಯಾನೇಜರ್‌ಗೆ ಲಾಗಿನ್ ಇದೆಯೇ ಎಂದು ವಾರ ಮುಂಚೆ ನೋಡಿ. ಇಲ್ಲದಿದ್ದರೆ ಆ ಏರ್ಪಾಡು ಇರುವ ಹೋಟೆಲ್ ಲೇಸು.

ನಿಮ್ಮ ಮುಂದಿರುವ ದಾರಿಗಳು

ನೇರವಾಗಿ ಹೊರದೇಶದ ಪೋಸ್ಟ್‌ಡಾಕ್: ಒಂದರಿಂದ ಮೂರು ವರ್ಷದ ತಾತ್ಕಾಲಿಕ ಕೆಲಸ. ಅನುಭವ ದೊಡ್ಡದು. ಅಪಾಯವೂ ಇದೆ. ಇಲ್ಲಿ ಸರ್ಕಾರಿ ನೇಮಕಾತಿ ಯಾವಾಗ ಬರುತ್ತದೆಂದು ಹೇಳಲಾಗದು. 2021ರಲ್ಲಿ ಪ್ರಥಮ ದರ್ಜೆ ಕಾಲೇಜುಗಳ 1,242 ಹುದ್ದೆಗಳಿಗೆ ಕರೆದಂಥ ಅವಕಾಶ ನೀವು ಅಲ್ಲಿರುವಾಗಲೇ ಬಂದರೆ ಪರೀಕ್ಷೆಗೆ ಬರಬೇಕಾಗುತ್ತದೆ.

ಕೆಸೆಟ್ ಮತ್ತು ಅತಿಥಿ ಉಪನ್ಯಾಸ: ಹಿರಿಯರ ಸಲಹೆಯಲ್ಲಿ ಅರ್ಥವಿಲ್ಲದಿಲ್ಲ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ಕೆಸೆಟ್‌ನಂಥ ರಾಜ್ಯಮಟ್ಟದ್ದು) ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ. ಕೆಸೆಟ್ ಬರೆದಿಟ್ಟುಕೊಳ್ಳಿ, ಕಳೆದುಕೊಳ್ಳುವುದೇನೂ ಇಲ್ಲ. ಆದರೆ ವಾರವಿಡೀ ಪಾಠ, ಮೌಲ್ಯಮಾಪನ ಸೇರಿದರೆ ಸಂಶೋಧನೆಗೆ ಉಳಿಯುವುದು ಭಾನುವಾರ. ಎರಡು ವರ್ಷ ಹಾಗೆ ಹೋದರೆ ಪೋಸ್ಟ್‌ಡಾಕ್ ಬಾಗಿಲು ನಿಧಾನಕ್ಕೆ ಮುಚ್ಚುತ್ತದೆ.

ನಿಮ್ಮಂಥವರಿಗೆ ನಾನು ಹೆಚ್ಚು ಒತ್ತಿ ಹೇಳುವುದು ನಡುವಿನ ದಾರಿಯನ್ನು: ದೇಶದೊಳಗೇ ಒಂದು ಪೋಸ್ಟ್‌ಡಾಕ್. 1983ರಲ್ಲಿ ಶುರುವಾದ ಎನ್‌ಬಿಎಚ್‌ಎಂ (ರಾಷ್ಟ್ರೀಯ ಉನ್ನತ ಗಣಿತ ಮಂಡಳಿ) ಪೋಸ್ಟ್‌ಡಾಕ್ ಕೊಡುತ್ತದೆ. ಬೆಂಗಳೂರಿನಲ್ಲಿ ಐಐಎಸ್‌ಸಿ, ಐಎಸ್‌ಐ, ಟಿಐಎಫ್‌ಆರ್‌ನ ಅನ್ವಯಿಕ ಗಣಿತ ಕೇಂದ್ರ, ಚೆನ್ನೈನಲ್ಲಿ ಐಎಂಎಸ್‌ಸಿ, ಕೋಯಿಕ್ಕೋಡ್‌ನಲ್ಲಿ ಕೇರಳ ಸ್ಕೂಲ್ ಆಫ್ ಮ್ಯಾಥಮ್ಯಾಟಿಕ್ಸ್‌ನಂಥ ಸಂಶೋಧನಾ ಸಂಸ್ಥೆಗಳಿವೆ. ಮಹಿಳೆಯರಿಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ವೈಸ್-ಪಿಡಿಎಫ್ ಫೆಲೋಶಿಪ್ ಇದೆ. ಇಲ್ಲಿ ಎರಡು ವರ್ಷ ಕೆಲಸ ಮಾಡಿದರೆ ಹೊರಗಿನವರಿಗೆ ಪರಿಚಯವಿರುವ ಒಬ್ಬರು ನಿಮ್ಮ ಗಣಿತವನ್ನು ಹತ್ತಿರದಿಂದ ನೋಡಿ ಬರೆದ ಪತ್ರ ಸಿಗುತ್ತದೆ. ನಿಮ್ಮ ಅರ್ಜಿಗೆ ಇಲ್ಲದ್ದು ಅದೇ ಅಲ್ಲವೇ? ಅಲ್ಲೂ ಪೈಪೋಟಿ ಕಡಿಮೆಯಿಲ್ಲ, ಗ್ರಾಫ್ ಥಿಯರಿ ಮಾಡುವವರು ಎಲ್ಲ ಕಡೆ ಇರುವುದೂ ಇಲ್ಲ. ಅರ್ಜಿಗೆ ಮುನ್ನ ನಿಮ್ಮ ಕೆಲಸಕ್ಕೆ ಹತ್ತಿರವಿರುವ ಅಧ್ಯಾಪಕರಿಗೆ ಬರೆಯಿರಿ. ಹತ್ತು ಸಾಲು ಸಾಕು, ಅದರಲ್ಲಿ ಮೂರು ಸಾಲು ಅವರ ಯಾವ ಪ್ರಮೇಯ ನಿಮ್ಮ ಕೆಲಸಕ್ಕೆ ಎಲ್ಲಿ ತಾಗುತ್ತದೆ ಎಂಬುದಿರಲಿ. ಐವತ್ತು ಜನರಿಗೆ ಒಂದೇ ಮೇಲ್ ಕಳಿಸಿದರೆ ಐವತ್ತೂ ಕಸದ ಬುಟ್ಟಿಗೆ.

ಕಿರಿಯ ಸ್ಕಾಲರ್‌ಗಳಿಗೆ ಇನ್ನೊಂದು ದಾರಿ: ನ್ಯಾಷನಲ್ ಸೆಂಟರ್ ಫಾರ್ ಮ್ಯಾಥಮ್ಯಾಟಿಕ್ಸ್ ನಡೆಸುವ ಫೌಂಡೇಷನ್ ಸ್ಕೂಲ್, ಅಡ್ವಾನ್ಸ್ಡ್ ಇನ್‌ಸ್ಟ್ರಕ್ಷನಲ್ ಸ್ಕೂಲ್‌ಗಳು. ಆಯ್ಕೆಯಾದರೆ ವಸತಿ, ಊಟ ಅವರದೇ. ನೀವು ಕರೆಸುತ್ತಿರುವ ಅತಿಥಿಯ ಬೆಂಗಳೂರು ಕಾರ್ಯಾಗಾರಕ್ಕೂ ನಿಮ್ಮಲ್ಲಿ ಇಬ್ಬರು ಅರ್ಜಿ ಹಾಕಲು ಇನ್ನೂ ಅವಕಾಶವಿದೆಯೇ ನೋಡಿ. ಅಲ್ಲಿ ನಾಲ್ಕು ದಿನ ಚಹಾ ವಿರಾಮದಲ್ಲಿ ಆಡುವ ಮಾತು ನಿಮ್ಮೂರಿನ ಒಂದು ದಿನಕ್ಕಿಂತ ದೂರ ಸಾಗುತ್ತದೆ.

ಅವರು ಹೋದ ಮೇಲೆ

ಎರಡು ದಿನದೊಳಗೆ ಧನ್ಯವಾದದ ಮೇಲ್ ಹೋಗಲಿ, ಜೊತೆಗೆ ಅವರು ಎತ್ತಿದ ಒಂದು ಗಣಿತದ ಪ್ರಶ್ನೆಗೆ ನಿಮ್ಮ ಎರಡು ಸಾಲಿನ ಪ್ರಯತ್ನವಿರಲಿ. ಪತ್ರದ ಮಾತು ಎತ್ತಬೇಡಿ. ಪೇಪರನ್ನು ಆರ್ಕೈವ್‌ಗೆ ಮೊದಲ ಸಲ ಹಾಕುವವರಿಗೆ ಆ ವಿಭಾಗದಲ್ಲಿ ಈಗಾಗಲೇ ಹಾಕಿದವರ ಅನುಮೋದನೆ ಬೇಕಾಗಬಹುದು. ಅದನ್ನು ಕೇಳಬಹುದು, ಪೇಪರನ್ನು ಅವರು ನಿಜವಾಗಿ ನೋಡಿದ್ದರೆ ಮಾತ್ರ. ಒಂದೆರಡು ತಿಂಗಳ ನಂತರ ಹೊಸದೇನಾದರೂ ಬಂದಾಗ ಮತ್ತೆ ಬರೆಯಿರಿ. ಅವರ ಗುಂಪಿನ ಆನ್‌ಲೈನ್ ಸೆಮಿನಾರ್ ಇದ್ದರೆ ಕೇಳಲು ಸೇರಿಕೊಳ್ಳಿ, ಒಂದು ದಿನ ಅಲ್ಲಿ ಮಾತಾಡುವ ಅವಕಾಶ ಕೇಳಿ. ಆರೆಂಟು ತಿಂಗಳು ಹೀಗೆ ಗಣಿತದ ಒಡನಾಟ ನಡೆದ ಮೇಲೆ 'ನನ್ನ ಕೆಲಸದ ಬಗ್ಗೆ ಒಳ್ಳೆಯ ಪತ್ರ ಬರೆಯುವಷ್ಟು ನಿಮಗೆ ಪರಿಚಯವಾಗಿದೆ ಅನಿಸುತ್ತದೆಯೇ?' ಎಂದು ಕೇಳಿ. ಈ ರೀತಿ ಕೇಳಿದರೆ ಇಲ್ಲ ಎನ್ನಲು ಅವರಿಗೂ ಮುಜುಗರವಾಗುವುದಿಲ್ಲ. ಹೌದು ಎಂದರೆ ಕೊನೆಯ ದಿನಾಂಕಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ನಿಮ್ಮ ಸಿವಿ, ಸಂಶೋಧನಾ ಹೇಳಿಕೆ, ಹುದ್ದೆಗಳ ಪಟ್ಟಿ ಮೂರನ್ನೂ ಒಂದೇ ಮೇಲ್‌ನಲ್ಲಿ ಕಳಿಸಿಕೊಡಿ.